ಔಷಧವಿದ್ಯಾರ್ಥಿಯ ಯೋಗ್ಯತಾಪರೀಕ್ಷೆ: ಒಂದು ನಿಯಮಪಾಠದ ವಿಮರ್ಶೆ

೧

ವಿದ್ಯೆಯನ್ನು ಕಲಿಸುವುದು ಒಂದು ಕಾರ್ಯ. ಶಿಷ್ಯನು ಅದನ್ನು ಕಲಿತನೆಂದು ನಿರ್ಣಯಿಸುವುದು ಬೇರೊಂದು ಕಾರ್ಯ. ಪ್ರಶ್ನಪತ್ರಿಕೆಗೆ ಉತ್ತರ ಬರೆಯಿಸಿ ಅಂಕ ಕೊಡುವ ಪರೀಕ್ಷೆಯಲ್ಲಿ ನಿರ್ಣಯವು ತಪ್ಪಿದರೆ ಅದರ ಹಾನಿ ಬಹುಮಟ್ಟಿಗೆ ವಿದ್ಯಾರ್ಥಿಗೇ ಸೇರಿದ್ದು. ಆಸ್ಪತ್ರೆಯಲ್ಲಿ ರೋಗಿಯ ಮಂಚದ ಬಳಿ ನಡೆಯತಕ್ಕ ಪರೀಕ್ಷೆಯಲ್ಲಿ ನಿರ್ಣಯವು ತಪ್ಪಿದರೆ ಅದರ ಫಲವನ್ನು ಅನುಭವಿಸುವವನು ಮೂರನೆಯವನು. ಆ ಪರೀಕ್ಷೆ ನಡೆಯಿತೆಂಬ ಸುದ್ದಿಯೂ ಅವನ ಕಿವಿಗೆ ಬಿದ್ದಿರುವುದಿಲ್ಲ. ಆದಕಾರಣ ಇಂಥ ಪರೀಕ್ಷೆಯನ್ನು ವಿಧಿಸುವ ವಾಕ್ಯಗಳು ಸಂದೇಹಕ್ಕೆಡೆಯಿಲ್ಲದಂತೆ ಇರಬೇಕಾದದ್ದು ನ್ಯಾಯ. ಅಂಥ ಒಂದು ನಿಯಮಪಾಠವನ್ನು ತೆಗೆದುಕೊಂಡು, ಅದರ ಗುಣದೋಷಗಳನ್ನು ಯಥಾಮತಿ ವಿಚಾರಮಾಡುವುದು ಈ ಲೇಖನದ ಉದ್ದೇಶ.

ಭಾರತದಲ್ಲಿ ಫಾರ್ಮಸಿ ಶಿಕ್ಷಣವು ೧೯೪೮ರ ಫಾರ್ಮಸಿ ಕಾಯಿದೆಗೆ ಒಳಪಟ್ಟಿದೆಯೆಂಬುದು ವಾಚಕರಲ್ಲಿ ಅನೇಕರಿಗೆ ತಿಳಿದದ್ದೇ. ಈ ಕಾಯಿದೆಯಂತೆ ಏರ್ಪಟ್ಟ ಭಾರತೀಯ ಫಾರ್ಮಸಿ ಕೌನ್ಸಿಲು ೨೦೦೮ರಲ್ಲಿ ಫಾರ್ಮ್.ಡಿ. ಎಂಬ ಆರು ವರ್ಷಗಳ ಪದವಿಗೆ ನಿಯಮಗಳನ್ನು ಹೊರಡಿಸಿತು. ಇದರಲ್ಲಿ ಐದು ವರ್ಷ ಪಾಠ, ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಷಿಪ್. ಆ ಒಂದು ವರ್ಷದಲ್ಲಿ ಆರು ತಿಂಗಳು ಸಾಮಾನ್ಯವೈದ್ಯ ವಿಭಾಗದಲ್ಲಿಯೂ, ಉಳಿದ ಆರು ತಿಂಗಳನ್ನು ಮೂರು ವಿಶೇಷ ವಿಭಾಗಗಳಿಗೆ ಎರಡೆರಡರಂತೆ ಹಂಚಿಯೂ ವಿದ್ಯಾರ್ಥಿಯು ಕೆಲಸಮಾಡತಕ್ಕದ್ದು. ಮೈಸೂರು ಮತ್ತು ಉದಕಮಂಡಲದ ಜೆ.ಎಸ್.ಎಸ್. ಕಾಲೇಜುಗಳಲ್ಲಿ ಕಳೆದ ಶತಮಾನದ ಕೊನೆಯ ದಶಕದಲ್ಲಿಯೇ ಫಾರ್ಮಸಿ ಪ್ರ್ಯಾಕ್ಟೀಸ್ ಎಂಬ ಸ್ನಾತಕೋತ್ತರ ಶಿಕ್ಷಣ ಮೊದಲಾಗಿತ್ತಾದ್ದರಿಂದ, ವಾರ್ಡಿನಲ್ಲಿ ಡಾಕ್ಟರ ಜೊತೆಗೆ ನಿಂತು ಔಷಧದ ವಿಚಾರ ಮಾಡುವ ಫಾರ್ಮಸಿಸ್ಟರ ಕಲ್ಪನೆಯು ಕನ್ನಡನಾಡಿಗೆ ಹೊಸದಲ್ಲ.

ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನಿಗೆ ಈ ವಿಷಯದಲ್ಲೇನು ಅಧಿಕಾರವೆಂದು ಕೇಳಬಹುದು. ಔಷಧದ ಗುಣಗಳನ್ನು ಹೇಳುವುದು ಆ ಶಾಸ್ತ್ರಜ್ಞರ ಕೆಲಸವೇ ಸರಿ. ಆದರೆ ನಿಯಮವೆಂಬುದು ವಾಕ್ಯಸಮುದಾಯ. ಯಾವ ವಾಕ್ಯವು ಏನನ್ನು ವಿಧಿಸುತ್ತದೆ, ಎಷ್ಟನ್ನು ವಿಧಿಸುತ್ತದೆ, ಯಾವುದನ್ನು ಹೇಳದೆ ಬಿಡುತ್ತದೆ ಎಂಬ ವಿಚಾರವು ಮೀಮಾಂಸಕರ ಹಳೆಯ ವೃತ್ತಿ. ಯಜ್ಞದ ವಿಧಿವಾಕ್ಯಗಳಿಗಾಗಿ ಹುಟ್ಟಿದ ಆ ನ್ಯಾಯಗಳನ್ನು ಧರ್ಮಶಾಸ್ತ್ರಕಾರರು ದಾಯವಿಭಾಗಕ್ಕೂ ಉಪಯೋಗಿಸಿದರು. ಆಸ್ಪತ್ರೆಯ ನಿಯಮಕ್ಕೆ ಅವು ನಿಲುಕವೆಂದು ತಿಳಿಯಲು ಕಾರಣವಿಲ್ಲ.

೨

ಪ್ರಕೃತ ನಿಯಮಪಾಠದ ಸಾರಾಂಶವಿದು. ಇಂಟರ್ನ್ ಆದವನು ತಾನು ಮಾಡಿದ ಕೆಲಸದ ದಾಖಲೆಯನ್ನು ಇಡಬೇಕು. ಯಾರ ಕೈಕೆಳಗೆ ಕೆಲಸಮಾಡುತ್ತಾನೋ ಆ ಪ್ರಿಸೆಪ್ಟರು, ಎಂದರೆ ವೃತ್ತಿಯಲ್ಲಿರುವ ಗುರುವು, ಅದನ್ನು ನೋಡಿ ದೃಢೀಕರಿಸಬೇಕು. ದಾಖಲೆಯ ಪರಿಶೀಲನೆಯಲ್ಲದೆ, ಜ್ಞಾನ, ಕೌಶಲ, ಮನೋಭಾವ ಈ ಮೂರನ್ನೂ ಸನ್ನಿವೇಶಪರೀಕ್ಷೆಗಳ ಮೂಲಕ ಪಕ್ಷಪಾತವಿಲ್ಲದ ರೀತಿಯಲ್ಲಿ, ಶಿಕ್ಷಣದ ನಡುವೆಯೂ ಕೊನೆಯಲ್ಲಿಯೂ ಅಳೆಯಬೇಕು. ಬಳಿಕ ಡೀನ್ ಅಥವಾ ಪ್ರಿನ್ಸಿಪಾಲರು ಪ್ರಮಾಣಪತ್ರವನ್ನು ಕೊಡತಕ್ಕದ್ದು.

ತೃಪ್ತಿಕರವಾಗಿ ಮುಗಿಸಿದನೆಂದು ನಿರ್ಣಯಿಸುವುದಕ್ಕೆ ಐದು ಅಂಶಗಳು ಹೇಳಲ್ಪಟ್ಟಿವೆ. ಮೊದಲನೆಯದು, ಒಂದೊಂದು ಕೇಸಿನ ನಿರ್ವಹಣೆಗೂ ಬೇಕಾದ ಜ್ಞಾನ. ಎರಡನೆಯದು, ಚಿಕಿತ್ಸಾಸಂಬಂಧವಾದ ಫಾರ್ಮಸಿ ಸೇವೆಗೆ ಬೇಕಾದ ಕೌಶಲ. ಮೂರನೆಯದು, ಹೊಣೆಗಾರಿಕೆ, ವೇಳೆಯ ಪಾಲನೆ, ಕೇಸಿನ ಪರಿಶೀಲನೆ, ರೋಗಿಯ ಆರೈಕೆಯಲ್ಲಿ ತೊಡಗುವಿಕೆ. ನಾಲ್ಕನೆಯದು, ಡಾಕ್ಟರು, ನರ್ಸು, ಸಹೋದ್ಯೋಗಿಗಳೊಡನೆ ಕೂಡಿ ಕೆಲಸಮಾಡುವ ಶಕ್ತಿ. ಐದನೆಯದು, ತಾನಾಗಿ ಮುಂದೆ ಬರುವ ಗುಣ, ಚರ್ಚೆಯಲ್ಲಿ ಭಾಗವಹಿಸುವಿಕೆ, ಸಂಶೋಧನೆಯ ಒಲವು. ಒಂದೊಂದಕ್ಕೂ ಸೊನ್ನೆಯಿಂದ ೫ರವರೆಗೆ ಅಂಕ. ಯಾವ ಒಂದು ಅಂಶದಲ್ಲಾಗಲಿ ೩ಕ್ಕೆ ಕಡಮೆ ಬಂದರೆ ಶಿಕ್ಷಣವು ಅತೃಪ್ತಿಕರ.

ಇದಿಷ್ಟೂ ಮುದ್ರಿತಪುಟದಲ್ಲಿ ಕೆಲವೇ ಪಂಕ್ತಿಗಳು. ಆರು ವರ್ಷಗಳ ವಿದ್ಯೆಯು ವೃತ್ತಿಯಾಗಿ ಮಾರ್ಪಡುವ ಬಾಗಿಲು ಈ ಪಂಕ್ತಿಗಳಲ್ಲಿದೆ.

೩

ದೋಷಗಳನ್ನು ಹೇಳುವುದಕ್ಕೆ ಮೊದಲು ಗುಣಗಳನ್ನು ಹೇಳುವುದು ವಿಮರ್ಶಕನ ಧರ್ಮ. ಈ ಪಾಠದಲ್ಲಿ ಎರಡು ದೊಡ್ಡ ಗುಣಗಳಿವೆ.

ಹಿಂದಿನ ಕ್ರಮದಲ್ಲಿ ಅಳತೆಯು ಬಹುಮಟ್ಟಿಗೆ ಗಂಟೆಗಳದು. ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ೧೯೯೧ರಲ್ಲಿ ಹೊರಟ ಶಿಕ್ಷಣನಿಯಮವು ಮೂರು ತಿಂಗಳಿಗೆ ಕಡಮೆಯಿಲ್ಲದ ಕಾಲದಲ್ಲಿ ೫೦೦ ಗಂಟೆಗಳ ಶಿಕ್ಷಣವನ್ನೂ, ಅದರಲ್ಲಿ ೨೫೦ ಗಂಟೆಗಳಷ್ಟಾದರೂ ಡಾಕ್ಟರ ಚೀಟಿಗೆ ತಕ್ಕಂತೆ ಔಷಧ ಕೊಡುವ ಕೆಲಸವನ್ನೂ ವಿಧಿಸಿತು. ಗಂಟೆಗಳನ್ನು ಎಣಿಸುವುದು ಸುಲಭ. ಆದರೆ ೫೦೦ ಗಂಟೆ ನಿಂತವನು ೫೦೦ ಗಂಟೆ ಕಲಿತನೆಂದು ಅದರಿಂದ ಸಿದ್ಧಿಸುವುದಿಲ್ಲ. ೨೦೦೮ರ ಪಾಠವು ಕಾಲವನ್ನೂ ವಿಧಿಸಿ, ಕಾಲದ ಮೇಲೆ ಯೋಗ್ಯತೆಯನ್ನೂ ಕೇಳಿತು. ಇದು ಮೊದಲನೆಯ ಗುಣ.

ಎರಡನೆಯದು ಕೊನೆಯ ವಾಕ್ಯದಲ್ಲಿದೆ. ಐದು ಅಂಶಗಳ ಅಂಕಗಳನ್ನು ಕೂಡಿಸಿ ೧೫ ಬಂದರೆ ಸಾಕೆಂದು ಹೇಳಬಹುದಾಗಿತ್ತು. ನಿಯಮಕಾರರು ಹಾಗೆ ಹೇಳಲಿಲ್ಲ. ಒಂದೊಂದರಲ್ಲಿಯೂ ೩ ಬೇಕೆಂದರು. ಕೂಡಿಸಿ ನೋಡುವ ಪಕ್ಷದಲ್ಲಿ, ಜ್ಞಾನದಲ್ಲಿ ೫, ಚರ್ಚೆಯಲ್ಲಿ ೫ ಪಡೆದ ಚತುರನು ಹೊಣೆಗಾರಿಕೆಯಲ್ಲಿ ೧ ಪಡೆದರೂ ದಾಟಿಹೋಗುತ್ತಿದ್ದನು. ರೋಗಿಗೆ ಕೂಡಿಕೆ ಬೇಕಾಗಿಲ್ಲ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಔಷಧವು ವಾರಕ್ಕೊಂದು ಸಲದ್ದು. ಅದು ಕೈತಪ್ಪಿನಿಂದ ದಿನಕ್ಕೊಂದು ಸಲವೆಂದು ಬರೆಯಲ್ಪಟ್ಟರೆ ಅಸ್ಥಿಮಜ್ಜೆಯು ಕುಗ್ಗಿ ಪ್ರಾಣಕ್ಕೆ ಅಪಾಯ. ಇದನ್ನು ಬಲ್ಲವನಾಗಿದ್ದೂ ಆ ದಿನ ಕೇಸು ಷೀಟನ್ನು ಬಿಚ್ಚಿ ನೋಡದವನ ಜ್ಞಾನವು, ನೋಡಿಯೂ ಡಾಕ್ಟರಿಗೆ ಹೇಳಲು ಅಂಜಿದವನ ಜ್ಞಾನವು, ರೋಗಿಯ ಪಾಲಿಗೆ ಇಲ್ಲದುದಕ್ಕೆ ಸಮಾನ. ಒಂದು ಗುಣದ ಕೊರತೆಯನ್ನು ಇನ್ನೊಂದು ಗುಣದ ಹೆಚ್ಚಳವು ತುಂಬಲಾರದೆಂಬ ತತ್ತ್ವವನ್ನು ಒಂದೇ ವಾಕ್ಯದಲ್ಲಿ ಹಿಡಿದಿಟ್ಟದ್ದು ಶ್ಲಾಘ್ಯ.

೪

ಇನ್ನು ದೋಷಗಳು. ಮೊದಲನೆಯದು ಅಂಕಗಳ ಹೆಸರಿನಲ್ಲಿರುವುದು. ಸೊನ್ನೆಗೆ ಹೀನ, ೧ಕ್ಕೆ ತಕ್ಕಮಟ್ಟಿಗೆ ಸರಿ, ೨ಕ್ಕೆ ಸರಾಸರಿಗಿಂತ ಕೆಳಗೆ, ೩ಕ್ಕೆ ಸರಾಸರಿ, ೪ಕ್ಕೆ ಸರಾಸರಿಗಿಂತ ಮೇಲೆ, ೫ಕ್ಕೆ ಅತ್ಯುತ್ತಮ ಎಂಬರ್ಥದ ಆರು ಇಂಗ್ಲಿಷ್ ಶಬ್ದಗಳನ್ನು ಕೊಟ್ಟಿದ್ದಾರೆ. ಇವುಗಳಲ್ಲಿ ಹೀನ, ಸರಿ, ಅತ್ಯುತ್ತಮ ಎಂಬುವು ವಸ್ತುವಿನ ಸ್ವರೂಪವನ್ನು ಹೇಳುವ ಶಬ್ದಗಳು. ಸರಾಸರಿ ಎಂಬುದಾದರೋ ಸಾಪೇಕ್ಷ. ಇತರರು ಹೇಗಿದ್ದಾರೆಂದು ತಿಳಿದಲ್ಲದೆ ಅದಕ್ಕೆ ಅರ್ಥವಿಲ್ಲ. ಎರಡು ಜಾತಿಯ ಶಬ್ದಗಳನ್ನು ಒಂದೇ ಏಣಿಯ ಮೆಟ್ಟಿಲುಗಳನ್ನಾಗಿ ಮಾಡಿದುದರಿಂದ, ತಕ್ಕಮಟ್ಟಿಗೆ ಸರಿಯಾದವನು ಸರಾಸರಿಗಿಂತ ಕೆಳಗಿನವನಿಗಿಂತಲೂ ಕೆಳಗೆ ಬಿದ್ದಿದ್ದಾನೆ.

ಇದು ಶಬ್ದದ ಜಗಳ ಮಾತ್ರವಲ್ಲ. ತೇರ್ಗಡೆಯ ಗೆರೆಯು ನಿಂತಿರುವುದು ಸರಾಸರಿಯೆಂಬ ಶಬ್ದದ ಮೇಲೆ. ಒಂದು ವರ್ಷದ ವಿದ್ಯಾರ್ಥಿಗಳೆಲ್ಲರೂ ಸಮರ್ಥರೇ ಎಂದಿಟ್ಟುಕೊಳ್ಳೋಣ. ಅವರೆಲ್ಲ ಸಮಸಮನಾಗಿದ್ದರೆ ಹೊರತು ಅವರಲ್ಲಿ ಕೆಲವರು ತಮ್ಮ ಗುಂಪಿನ ಸರಾಸರಿಗೆ ಕೆಳಗೆ ಇದ್ದೇ ಇರುವರು. ಶಬ್ದಾರ್ಥವನ್ನು ನಂಬಿದರೆ ಅವರು ಅಯೋಗ್ಯರು. ಎಲ್ಲರೂ ದುರ್ಬಲರೇ ಎಂದಿಟ್ಟುಕೊಳ್ಳೋಣ. ಅವರಲ್ಲಿಯೂ ಸರಾಸರಿಯವನು ಒಬ್ಬನುಂಟು, ಅವನು ಯೋಗ್ಯನಾಗುತ್ತಾನೆ. ಯೋಗ್ಯನಲ್ಲಿ ಇರದೆ ಹೋಗಬಹುದಾದ್ದರಿಂದ ಈ ಲಕ್ಷಣಕ್ಕೆ ಅವ್ಯಾಪ್ತಿ, ಅಯೋಗ್ಯನಲ್ಲಿ ಇರಬಹುದಾದ್ದರಿಂದ ಅತಿವ್ಯಾಪ್ತಿ. ವಾರ್ಫರಿನ್ ತೆಗೆದುಕೊಳ್ಳುತ್ತಿರುವ ರೋಗಿಗೆ ಮೆಟ್ರೊನಿಡಜೋಲ್ ಸೇರಿದರೆ ರಕ್ತಸ್ರಾವದ ಭಯವುಂಟೆಂಬುದನ್ನು ಕಂಡುಹಿಡಿಯಬಲ್ಲನೇ ಇಲ್ಲವೇ ಎಂಬ ಪ್ರಶ್ನೆಗೆ, ಉಳಿದವರು ಎಷ್ಟು ಮಂದಿ ಕಂಡುಹಿಡಿದರು ಎಂಬುದು ಉತ್ತರವಾಗಲಾರದು.

ಎರಡನೆಯ ದೋಷವು ಮೂರನೆಯ ಅಂಶದಲ್ಲಿದೆ. ಒಂದು ವಾಕ್ಯವು ಒಂದೇ ಕಾಲದಲ್ಲಿ ಹಲವನ್ನು ವಿಧಿಸಹೊರಟರೆ ಅದಕ್ಕೆ ಮೀಮಾಂಸಕರು ವಾಕ್ಯಭೇದವೆಂದು ಹೆಸರಿಟ್ಟು ದೋಷಗಳಲ್ಲಿ ಎಣಿಸಿದ್ದಾರೆ. ಇಲ್ಲಿ ಹೊಣೆಗಾರಿಕೆ, ವೇಳೆಯ ಪಾಲನೆ, ಕೇಸಿನ ಪರಿಶೀಲನೆ, ಆರೈಕೆಯಲ್ಲಿ ತೊಡಗುವಿಕೆ ಎಂಬ ನಾಲ್ಕಕ್ಕೆ ಒಂದೇ ಅಂಕ. ಇವು ಸಮುಚ್ಚಯವೋ, ವಿಕಲ್ಪವೋ? ನಾಲ್ಕೂ ಇದ್ದರೆ ೩ ಕೊಡಬೇಕೋ, ಯಾವುದಾದರೂ ಎರಡು ಸಾಕೋ? ದಿನವೂ ಎಂಟು ಗಂಟೆಗೆ ಸರಿಯಾಗಿ ವಾರ್ಡಿಗೆ ಬಂದು, ಒಂದು ಕೇಸನ್ನೂ ಆಳವಾಗಿ ನೋಡದೆ ಹೋಗುವವನಿಗೂ, ಒಮ್ಮೊಮ್ಮೆ ತಡವಾಗಿ ಬಂದರೂ ರೋಗಿಯ ಔಷಧಗಳನ್ನು ಒಂದೊಂದಾಗಿ ಶೋಧಿಸುವವನಿಗೂ ಇಲ್ಲಿ ಒಂದೇ ಅಂಕ ಬರಬಹುದು. ಹಿಂದೆ ಹೊಗಳಿದ ಗುಣವೇ ಇಲ್ಲಿ ಸೋರಿಹೋಗುತ್ತದೆ. ಐದು ಅಂಶಗಳ ನಡುವೆ ಕೂಡಿಕೆಯನ್ನು ನಿಷೇಧಿಸಿದ ನಿಯಮವು ಒಂದು ಅಂಶದ ಒಳಗೆ ಕೂಡಿಕೆಗೆ ಬಾಗಿಲು ತೆರೆದಿದೆ.

ಮೂರನೆಯದು ಸಾಕ್ಷಿಯನ್ನು ಕುರಿತದ್ದು. ಐದು ಅಂಕಗಳನ್ನೂ ಒಬ್ಬ ಗುರುವೇ ಒಂದೇ ಸಲಕ್ಕೆ ಹಾಕಲು ಈ ಪಾಠದಲ್ಲಿ ಅಡ್ಡಿಯಿಲ್ಲ. ೧೯೨೦ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು, ಅಧಿಕಾರಿಗಳು ತಮ್ಮ ಕೈಕೆಳಗಿನವರ ಬೇರೆಬೇರೆ ಗುಣಗಳಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿ, ಒಂದು ಗುಣದ ಮೇಲಿನ ಅಭಿಪ್ರಾಯವು ಉಳಿದ ಗುಣಗಳ ಅಂಕಗಳಿಗೂ ಹರಡುವುದನ್ನು ತೋರಿಸಿಕೊಟ್ಟರು. ಮಾತಿನಲ್ಲಿ ಚುರುಕಾದವನಿಗೆ ಕೌಶಲದಲ್ಲಿಯೂ ಅಂಕ ಏರುತ್ತದೆ. ಮಾತು ಕಡಮೆಯಾದವನಿಗೆ ಜ್ಞಾನದಲ್ಲಿಯೂ ಇಳಿಯುತ್ತದೆ. ಐದು ಅಂಕಗಳಿದ್ದರೂ ನಿಜವಾಗಿ ಅಲ್ಲಿರುವುದು ಒಂದೇ ಅಭಿಪ್ರಾಯದ ಐದು ಪ್ರತಿಗಳು.

೫

ನಾಲ್ಕನೆಯ ದೋಷವನ್ನು ಪ್ರತ್ಯೇಕವಾಗಿ ಹೇಳಬೇಕು. ಅದು ಪಾಠಾಂತರದ ವಿಷಯ. ಗ್ರಂಥಸಂಪಾದನೆಯ ಅಭ್ಯಾಸವುಳ್ಳವರು ಈ ಐದು ಅಂಶಗಳನ್ನು ಓದಿದೊಡನೆ ಇದಕ್ಕೊಂದು ಮಾತೃಕೆ ಇರಬೇಕೆಂದು ಊಹಿಸುವರು. ಊಹೆ ಸರಿಯಾದದ್ದೇ. ಭಾರತೀಯ ವೈದ್ಯಕೀಯ ಪರಿಷತ್ತು ೧೯೯೭ರಲ್ಲಿ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗಾಗಿ ಹೊರಡಿಸಿದ ನಿಯಮದಲ್ಲಿ ಇಂಟರ್ನ್‌ಷಿಪ್ಪಿನ ಪರೀಕ್ಷೆಗೆ ಇವೇ ಐದು ಅಂಶಗಳು, ಇವೇ ಆರು ಶಬ್ದಗಳು, ಇದೇ ೩ರ ಗೆರೆ ಇದ್ದವು. ಆ ಪರಿಷತ್ತು ೨೦೨೦ರಲ್ಲಿ ಹೋಗಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದಿತು. ಅದರ ಪಾಠವು ಫಾರ್ಮ್.ಡಿ. ನಿಯಮದಲ್ಲಿ ಉಳಿದುಬಂದಿದೆ.

ಎರಡು ಪಾಠಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಲೋಪವು ಎದ್ದುಕಾಣುತ್ತದೆ. ವೈದ್ಯರ ಪಾಠದಲ್ಲಿ ಕೌಶಲವೆಂಬ ಎರಡನೆಯ ಅಂಶವು ಮೂರಾಗಿ ಒಡೆದಿತ್ತು: ತಾನೇ ಮಾಡಿದ್ದು, ಮಾಡುವವರಿಗೆ ನೆರವಾದದ್ದು, ನೋಡಿದ್ದು. ಔಷಧದವರ ಪಾಠಕ್ಕೆ ಬರುವಾಗ ಈ ವಿಭಾಗವು ಬಿದ್ದುಹೋಗಿದೆ. ಶಸ್ತ್ರಕರ್ಮ, ಪ್ರಸವ ಮುಂತಾದ ಕೈಕೆಲಸಗಳು ಫಾರ್ಮಸಿಸ್ಟನಿಗೆ ಇಲ್ಲವೆಂದು ಬಿಟ್ಟಿರಬಹುದು. ಆದರೆ ಬಿಡಬಾರದಾದ್ದು ಅದೇ. ರೋಗಿಯು ಮನೆಯಲ್ಲಿ ನುಂಗುತ್ತಿದ್ದ ಔಷಧಗಳನ್ನು ವಿಚಾರಿಸಿ ಪಟ್ಟಿಮಾಡುವುದು, ಮೂತ್ರಪಿಂಡ ಕೆಟ್ಟವನಿಗೆ ಜೆಂಟಾಮೈಸಿನ್ ಪ್ರಮಾಣವನ್ನು ಇಳಿಸಿ ಲೆಕ್ಕಹಾಕುವುದು, ಉಬ್ಬಸದವನಿಗೆ ಇನ್‌ಹೇಲರ್ ಸೇದುವ ಕ್ರಮವನ್ನು ಕಲಿಸುವುದು, ಇವು ಕೈಕೆಲಸಗಳೇ. ಇವುಗಳಲ್ಲಿ ಯಾವುದನ್ನು ವಿದ್ಯಾರ್ಥಿ ತಾನೇ ಮಾಡಿದನು, ಯಾವುದನ್ನು ಇನ್ನೊಬ್ಬರು ಮಾಡುವಾಗ ನಿಂತು ನೋಡಿದನು ಎಂಬ ಭೇದವು ಅಳಿಸಿಹೋದರೆ, ವರ್ಷವೆಲ್ಲ ಡಾಕ್ಟರ ಹಿಂದೆ ವಾರ್ಡು ಸುತ್ತಿದವನಿಗೂ ಕೌಶಲದಲ್ಲಿ ೩ ಅಂಕಗಳು ನಿರಾಯಾಸವಾಗಿ ದೊರೆಯುತ್ತವೆ.

ಈ ತ್ರಿವಿಧ ವಿಭಾಗವು ನಮ್ಮ ಪ್ರಾಚೀನರಿಗೂ ಗೊತ್ತಿತ್ತು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಒಂಬತ್ತನೆಯ ಅಧ್ಯಾಯಕ್ಕೆ ಯೋಗ್ಯಾಸೂತ್ರೀಯವೆಂದು ಹೆಸರು. ಯೋಗ್ಯಾ ಎಂಬ ಶಬ್ದಕ್ಕೆ ಅಲ್ಲಿ ಕರ್ಮಾಭ್ಯಾಸವೆಂದು ಅರ್ಥ. ಛೇದನವನ್ನು ಕುಂಬಳ, ಸೋರೆ, ಕಲ್ಲಂಗಡಿ, ಸೌತೆ ಮೊದಲಾದ ಕಾಯಿಗಳ ಮೇಲೆ, ಭೇದನವನ್ನು ನೀರುತುಂಬಿದ ತೊಗಲಿನ ಚೀಲದ ಮೇಲೆ, ಹೊಲಿಗೆಯನ್ನು ಬಟ್ಟೆಯ ಮೇಲೆ, ಕಟ್ಟುಕಟ್ಟುವುದನ್ನು ಮನುಷ್ಯಾಕಾರದ ಬೊಂಬೆಯ ಅಂಗಗಳ ಮೇಲೆ ಕಲಿಯಬೇಕೆಂದು ಅಲ್ಲಿ ವಿಧಿಸಿದೆ. ಶಾಸ್ತ್ರವೆಲ್ಲವನ್ನೂ ಓದಿದವನಾದರೂ ಈ ಅಭ್ಯಾಸವಿಲ್ಲದಿದ್ದರೆ ಅವನು ಕರ್ಮಕ್ಕೆ ಅರ್ಹನಲ್ಲವೆಂಬುದು ಅಲ್ಲಿಯ ಸಿದ್ಧಾಂತ. ಮುಂದಿನ ಅಧ್ಯಾಯವು ವಿಶಿಖಾನುಪ್ರವೇಶ, ಎಂದರೆ ವೈದ್ಯವೃತ್ತಿಗೆ ಕಾಲಿಡುವುದು. ಅಲ್ಲಿ ಶಾಸ್ತ್ರವನ್ನು ಓದಿದವನಾಗಿರುವುದು, ಕರ್ಮವನ್ನು ನೋಡಿದವನಾಗಿರುವುದು, ಅಭ್ಯಾಸ ಮಾಡಿದವನಾಗಿರುವುದು, ರಾಜನ ಅನುಜ್ಞೆಯನ್ನು ಪಡೆದವನಾಗಿರುವುದು ಇವೆಲ್ಲವೂ ಬೇರೆಬೇರೆ ವಿಶೇಷಣಗಳಾಗಿ ಬಂದಿವೆ. ದೃಷ್ಟಕರ್ಮನು ಬೇರೆ, ಕೃತಯೋಗ್ಯನು ಬೇರೆ. ಒಂದನ್ನು ಹೇಳಿದ ಮಾತ್ರಕ್ಕೆ ಇನ್ನೊಂದು ಬರುವುದಿಲ್ಲ.

ಈಚಿನ ಪಾಶ್ಚಾತ್ಯ ವಿಚಾರವೂ ಇದೇ ದಿಕ್ಕಿನಲ್ಲಿ ನಡೆದಿದೆ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡೆನ್ ಮತ್ತು ಅವರ ಸಂಗಡಿಗರು ೧೯೭೫ರಲ್ಲಿ ಪ್ರಕಟಿಸಿದ ಪರೀಕ್ಷಾಕ್ರಮದಲ್ಲಿ ವಿದ್ಯಾರ್ಥಿಗಳು ಒಂದಾದಮೇಲೊಂದು ನೆಲೆಗೆ ಹೋಗಿ, ಎಲ್ಲರಿಗೂ ಸಮಾನವಾದ ಚಿಕ್ಕಚಿಕ್ಕ ಕಾರ್ಯಗಳನ್ನು ಮಾಡಿತೋರಿಸುತ್ತಾರೆ. ಗೊತ್ತುಮಾಡಿದ ಪಟ್ಟಿಯನ್ನು ಹಿಡಿದು ಪರೀಕ್ಷಕರು ಅಂಕ ಹಾಕುತ್ತಾರೆ. ೧೯೯೦ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಅಮೆರಿಕದ ವೈದ್ಯಶಿಕ್ಷಣತಜ್ಞರು ನಾಲ್ಕು ಮೆಟ್ಟಿಲುಗಳನ್ನು ಹೇಳಿದರು: ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿತೋರಿಸುವುದು, ನಿಜವಾದ ಕಾರ್ಯದಲ್ಲಿ ಮಾಡುವುದು. ಹಾರ್ಡೆನ್ನರ ಪರೀಕ್ಷೆ ಮೂರನೆಯ ಮೆಟ್ಟಿಲಿನದು. ಸೋರೆಕಾಯಿಯ ಸ್ಥಾನ ಅದಕ್ಕೆ. ಇಂಟರ್ನ್‌ಷಿಪ್ಪಿನ ಪರೀಕ್ಷೆ ನಾಲ್ಕನೆಯದಾಗಿರಬೇಕು. ಇವರ ಮತವೆಲ್ಲ ಸುಶ್ರುತನಲ್ಲಿಯೇ ಇತ್ತೆಂದು ಹೆಮ್ಮೆಪಡುವ ಪಂಕ್ತಿಗೆ ನಾವು ಸೇರುವುದಿಲ್ಲ. ಸುಶ್ರುತನಲ್ಲಿ ಅಂಕವೂ ಇಲ್ಲ, ಪರೀಕ್ಷಕರ ಪಟ್ಟಿಯೂ ಇಲ್ಲ. ನೋಡಿದವನನ್ನೂ ಮಾಡಿದವನನ್ನೂ ಬೇರ್ಪಡಿಸದ ಪರೀಕ್ಷೆಯು ಪರೀಕ್ಷೆಯಲ್ಲವೆಂಬಷ್ಟರಲ್ಲಿ ಮಾತ್ರ ಇಬ್ಬರಿಗೂ ಐಕಮತ್ಯ.

೬

ಇದುವರೆಗಿನ ದೋಷಗಳು ಯಾವ ವೃತ್ತಿಯ ಪರೀಕ್ಷೆಯಲ್ಲಾದರೂ ಬರಬಹುದಾದವು. ಫಾರ್ಮಸಿಸ್ಟನಿಗೆ ವಿಶೇಷವಾದ ಕಷ್ಟವೊಂದುಂಟು. ವೈದ್ಯನ ಕೆಲಸಕ್ಕೆ ಫಲವು ಕಣ್ಣಿಗೆ ಕಾಣುತ್ತದೆ: ಜ್ವರ ಇಳಿಯಿತು, ಗಾಯ ಮಾಯಿತು. ವಾರ್ಡಿನ ಫಾರ್ಮಸಿಸ್ಟನ ಅತ್ಯುತ್ತಮವಾದ ಕೆಲಸಕ್ಕೆ ಫಲವು ಅನೇಕವೇಳೆ ಒಂದು ಅಭಾವ: ರಕ್ತಸ್ರಾವವಾಗಲಿಲ್ಲ, ಕಿವಿ ಕೆಡಲಿಲ್ಲ, ಮಜ್ಜೆ ಕುಗ್ಗಲಿಲ್ಲ. ಆಗದೆ ಹೋದದ್ದಕ್ಕೆ ಅಂಕವನ್ನು ಹೇಗೆ ಕೊಡುವುದು?

ನೈಯಾಯಿಕರು ಅಭಾವವನ್ನು ಒಂದು ಪದಾರ್ಥವೆಂದು ಒಪ್ಪಿದರು. ಅದರ ಜ್ಞಾನಕ್ಕೆ ಒಂದು ನಿಯಮವನ್ನೂ ಹೇಳಿದರು. ಯಾವುದರ ಅಭಾವವೋ ಅದು ಅಭಾವದ ಪ್ರತಿಯೋಗಿ. ಪ್ರತಿಯೋಗಿಯ ಜ್ಞಾನವಿಲ್ಲದೆ ಅಭಾವದ ಜ್ಞಾನ ಹುಟ್ಟದು. ಗಡಿಗೆ ಎಂದರೇನೆಂದು ಅರಿಯದವನಿಗೆ ಇಲ್ಲಿ ಗಡಿಗೆ ಇಲ್ಲವೆಂದು ತಿಳಿಯುವುದು ಹೇಗೆ? ಈ ನ್ಯಾಯವು ಪ್ರಕೃತಕ್ಕೆ ನೇರವಾಗಿ ಹೊಂದುತ್ತದೆ. ಇಂಟರ್ನ್ ಬರೆಯುವ ದಾಖಲೆಯಲ್ಲಿ, ಯಾವ ಹಾನಿಯು, ಯಾವ ರೋಗಿಗೆ, ಯಾವ ಔಷಧದಿಂದ, ಯಾವ ಮಾರ್ಗವಾಗಿ ಬರುತ್ತಿತ್ತು ಎಂಬ ಪ್ರತಿಯೋಗಿಯನ್ನು ಸ್ಪಷ್ಟವಾಗಿ ಬರೆದರೆ ಮಾತ್ರ ಅದನ್ನು ತಪ್ಪಿಸಿದನೆಂಬ ಮಾತಿಗೆ ಅರ್ಥ ಬರುತ್ತದೆ. ಹತ್ತು ಔಷಧಸಮಸ್ಯೆಗಳನ್ನು ಪತ್ತೆಹಚ್ಚಿದನು ಎಂದು ಎಣಿಕೆಯನ್ನಷ್ಟೇ ಬರೆದರೆ ಏನೂ ಸಿದ್ಧಿಸುವುದಿಲ್ಲ. ತಪ್ಪುಗಳು ಹೆಚ್ಚಾದ ವಾರ್ಡಿನಲ್ಲಿ ಎಣಿಕೆ ತಾನೇ ಏರುತ್ತದೆ. ಡಾಕ್ಟರರೂ ನರ್ಸುಗಳೂ ಎಚ್ಚರವಾಗಿರುವ ವಾರ್ಡಿನಲ್ಲಿ ಅದು ಇಳಿಯುತ್ತದೆ. ಎಣಿಕೆಯನ್ನೇ ಯೋಗ್ಯತೆಯೆಂದರೆ, ಕೆಟ್ಟ ವಾರ್ಡಿಗೆ ಬಿದ್ದವನೇ ಭಾಗ್ಯಶಾಲಿ. ಹುರುಳಿಲ್ಲದ ಸೂಚನೆಗಳನ್ನು ಡಾಕ್ಟರ ಮುಂದೆ ಗುಡ್ಡೆಹಾಕುವ ಚಾಳಿಯೂ ಇದರಿಂದಲೇ ಹುಟ್ಟುತ್ತದೆ.

ಡಾಕ್ಟರು ಸೂಚನೆಯನ್ನು ಒಪ್ಪಿದರೇ ಇಲ್ಲವೇ ಎಂಬುದೂ ಪೂರ್ಣಪ್ರಮಾಣವಲ್ಲ. ಸರಿಯಾದ ಸೂಚನೆಯನ್ನು ಹಿರಿಯರು ತಳ್ಳಿಹಾಕುವುದುಂಟು. ತಪ್ಪು ಸೂಚನೆಯನ್ನು ಅವಸರದಲ್ಲಿ ಒಪ್ಪುವುದೂ ಉಂಟು. ಒಪ್ಪದಿದ್ದಾಗ ವಿದ್ಯಾರ್ಥಿಯು ಏನು ಮಾಡಿದನು, ಸುಮ್ಮನಾದನೋ, ಆಧಾರವನ್ನು ತಂದು ಮತ್ತೊಮ್ಮೆ ವಿನಯದಿಂದ ಹೇಳಿದನೋ, ಗುರುವಿಗೆ ತಿಳಿಸಿದನೋ, ಅಲ್ಲಿ ಅವನ ಯೋಗ್ಯತೆಯು ತೋರುತ್ತದೆ. ನಾಲ್ಕನೆಯ ಅಂಶವಾದ ಕೂಡಿ ಕೆಲಸಮಾಡುವ ಶಕ್ತಿಯನ್ನು ಎಲ್ಲರೊಡನೆ ನಯವಾಗಿರುವುದೆಂದು ಮಾತ್ರ ಅರ್ಥಮಾಡಿದರೆ, ಹೇಳಬೇಕಾದಲ್ಲಿ ಹೇಳದ ಸಾಧುವಿಗೆ ೫ ಅಂಕ ದೊರೆತು ರೋಗಿಗೆ ಅನ್ಯಾಯವಾದೀತು.

೭

ಆ ನಾಲ್ಕನೆಯ ಅಂಶದಲ್ಲಿಯೇ ಇನ್ನೊಂದು ಮೌನವಿದೆ. ಡಾಕ್ಟರು, ನರ್ಸುಗಳು, ಸಹೋದ್ಯೋಗಿಗಳೊಡನೆ ನಡವಳಿಕೆ ಹೇಗೆಂದು ಕೇಳಿದ ನಿಯಮವು ರೋಗಿಯೊಡನೆ ಮಾತು ಹೇಗೆಂದು ಬೇರೆಯಾಗಿ ಕೇಳಲಿಲ್ಲ. ಮೂರನೆಯ ಅಂಶದ ನಾಲ್ಕು ತುಂಡುಗಳಲ್ಲಿ ಒಂದಾಗಿ ಆರೈಕೆಯೆಂಬ ಮಾತು ಬಂದಿದೆ, ಅಷ್ಟೆ. ಚರಕನು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುವಾಗ ವೈದ್ಯ, ಔಷಧ, ಪರಿಚಾರಕರ ಜೊತೆಗೆ ರೋಗಿಯನ್ನೂ ಒಂದು ಪಾದವಾಗಿ ಎಣಿಸಿದನು. ಔಷಧವು ಗುಣಕಾರಿಯಾಗುವುದು ರೋಗಿಯು ಅದನ್ನು ಹೇಳಿದಂತೆ ಸೇವಿಸಿದರೆ. ಹೇಳಿದಂತೆ ಸೇವಿಸುವುದು ಹೇಳಿದ್ದು ತಿಳಿದರೆ.

ಇಲ್ಲಿ ಭಾಷೆಯ ಪ್ರಶ್ನೆ ಬರುತ್ತದೆ. ಕನ್ನಡದ ವಾಚಕರಿಗೆ ಇದು ಪರಕೀಯವಲ್ಲ. ಈ ಪದವಿಯ ಪಾಠವೆಲ್ಲ ಇಂಗ್ಲಿಷಿನಲ್ಲಿ. ವಿದ್ಯಾರ್ಥಿಗಳಲ್ಲಿ ಅನ್ಯಪ್ರಾಂತಗಳಿಂದ ಬಂದವರೂ ಇರುತ್ತಾರೆ. ವಾರ್ಡಿನಲ್ಲಿ ಮಲಗಿರುವವರು ಕನ್ನಡ, ತುಳು, ಉರ್ದು, ಲಂಬಾಣಿ ಮಾತಾಡುವ ಜನ. ಊಟಕ್ಕೆ ಮುಂಚೆ ಅರ್ಧ ಗಂಟೆ, ವಾರಕ್ಕೊಂದೇ ದಿನ, ಮಾತ್ರೆಯನ್ನು ಅಗಿಯದೆ ನುಂಗಬೇಕು, ಗುಣವಾದಂತೆ ತೋರಿದರೂ ನಿಲ್ಲಿಸಬಾರದು, ಇಂಥ ನಾಲ್ಕು ಮಾತುಗಳನ್ನು ಹಳ್ಳಿಯ ಮುದುಕಿಗೆ ತಿಳಿಯುವಂತೆ ಹೇಳುವುದು ಒಂದು ಕೌಶಲ. ಹೇಳಿದನೇ ಎಂದು ನೋಡುವುದು ಅದರ ಪರೀಕ್ಷೆಯಲ್ಲ. ನಾಳೆಯಿಂದ ಹೇಗೆ ತೆಗೆದುಕೊಳ್ಳುತ್ತೀರಿ, ಹೇಳಿ ತಾಯಿ ಎಂದು ಆಕೆಯನ್ನೇ ಕೇಳಿ, ಆಕೆಯ ಬಾಯಿಂದ ಬಂದ ಮಾತು ಸರಿಯಾಗಿದೆಯೇ ಎಂದು ನೋಡುವುದು ಪರೀಕ್ಷೆ. ಈ ಪರೀಕ್ಷೆಗೆ ಎರಡು ನಿಮಿಷ ಸಾಕು. ಯಂತ್ರ ಬೇಡ, ಹಣ ಬೇಡ. ಅದನ್ನು ನಿಯಮವು ಕೇಳಿಲ್ಲವಾದ್ದರಿಂದ, ಆ ಎರಡು ನಿಮಿಷಗಳನ್ನು ಕಾಯದೆಯೇ ಐದು ಅಂಶಗಳಿಗೂ ಅಂಕ ತುಂಬಬಹುದಾಗಿದೆ.

೮

ಇಲ್ಲಿ ಪೂರ್ವಪಕ್ಷವೊಂದುಂಟು. ಆಸ್ಪತ್ರೆಯಲ್ಲಿ ಗುರುಗಳು ಕಡಮೆ, ವಿದ್ಯಾರ್ಥಿಗಳು ಹೆಚ್ಚು. ಒಬ್ಬೊಬ್ಬನನ್ನು ಮಂಚದ ಬಳಿ ನಿಂತು ನೋಡಲು ಹೊತ್ತೆಲ್ಲಿದೆ? ಐದು ಅಂಕಗಳನ್ನು ತುಂಬುವುದೇ ಕಷ್ಟವಾಗಿರುವಾಗ ಇನ್ನಷ್ಟು ಪತ್ರಗಳನ್ನು ಹೊರಿಸುವುದು ನ್ಯಾಯವೇ? ಅಲ್ಲದೆ ಆರು ವರ್ಷ ಕಳೆದ ವಿದ್ಯಾರ್ಥಿಗೆ ಕೊನೆಯಲ್ಲಿ ೨ ಅಂಕ ಹಾಕಿ ತಡೆಯಲು ಯಾವ ಗುರುವಿಗೆ ಮನಸ್ಸು ಬಂದೀತು?

ಈ ಆಕ್ಷೇಪವು ಹಗುರವಾದದ್ದಲ್ಲ. ಅದರ ಎರಡನೆಯ ಭಾಗಕ್ಕೆ ಮೊದಲು ಉತ್ತರ ಹೇಳುತ್ತೇವೆ. ಕೊನೆಯ ದಿನ ಒಮ್ಮೆಗೇ ನಿರ್ಣಯಿಸಬೇಕಾದಾಗ ಕರುಣೆಯು ಅಡ್ಡಬರುವುದು ಸ್ವಾಭಾವಿಕ. ನಡುವೆ ಅನೇಕ ಸಲ, ಬೇರೆಬೇರೆ ಕೇಸುಗಳಲ್ಲಿ, ಬೇರೆಬೇರೆ ಗುರುಗಳು ನೋಡಿ ಬರೆದಿಟ್ಟಿದ್ದರೆ ನ್ಯೂನತೆಯು ಎರಡನೆಯ ತಿಂಗಳಲ್ಲಿಯೇ ತಿಳಿಯುತ್ತದೆ. ತಿದ್ದಲು ಹತ್ತು ತಿಂಗಳು ಉಳಿದಿರುತ್ತವೆ. ಆಗ ಪರೀಕ್ಷೆಯು ದಂಡವಾಗದೆ ಪಾಠವಾಗುತ್ತದೆ. ನಾಲ್ಕು ವಿಭಾಗಗಳಲ್ಲಿ ಕೆಲಸಮಾಡುವ ವಿದ್ಯಾರ್ಥಿಗೆ ಹಲವು ಮಂದಿ ಗುರುಗಳು ಹೇಗೂ ದೊರೆಯುತ್ತಾರೆ. ಅವರೆಲ್ಲರ ಮಾತನ್ನು ಬರೆದುಕೊಂಡರೆ ಸಾಕ್ಷಿಗಳ ಕೊರತೆಯೂ ನೀಗುತ್ತದೆ.

ಮೊದಲನೆಯ ಭಾಗಕ್ಕೆ ಉತ್ತರವು ನಿಯಮಪಾಠದಲ್ಲಿಯೇ ಇದೆ. ಉಪಕ್ರಮದಲ್ಲಿ ಸನ್ನಿವೇಶಪರೀಕ್ಷೆಗಳನ್ನು ನಡುವೆಯೂ ಕೊನೆಯಲ್ಲಿಯೂ ಮಾಡಬೇಕೆಂದು ವಿಧಿಸಿದ್ದಾರೆ. ಉಪಸಂಹಾರದಲ್ಲಿ ಐದು ಅಂಶಗಳಿಗೆ ಅಂಕ ಕೊಡಬೇಕೆಂದಿದ್ದಾರೆ. ಇವೆರಡನ್ನೂ ಬೇರೆಬೇರೆ ವಿಧಿಗಳೆಂದು ಓದಿದ್ದರಿಂದ, ಮೊದಲನೆಯದು ಪುಸ್ತಕದಲ್ಲಿ ಉಳಿದು ಎರಡನೆಯದು ಮಾತ್ರ ನಡೆಯಲು ಎಡೆಯಾಗುತ್ತದೆ. ಒಂದು ಪ್ರಕರಣದ ವಾಕ್ಯಗಳಿಗೆ ಪರಸ್ಪರ ಆಕಾಂಕ್ಷೆಯಿದ್ದಲ್ಲಿ ಏಕವಾಕ್ಯತೆಯನ್ನು ಹೇಳಬೇಕೆಂಬುದು ಮೀಮಾಂಸೆಯ ನ್ಯಾಯ. ಅಂಕವು ಯಾವುದರಿಂದ ಎಂಬ ಆಕಾಂಕ್ಷೆ ಎರಡನೆಯದಕ್ಕೆ. ಪರೀಕ್ಷೆಯು ಯಾವುದಕ್ಕಾಗಿ ಎಂಬ ಆಕಾಂಕ್ಷೆ ಮೊದಲನೆಯದಕ್ಕೆ. ಕೂಡಿಸಿ ಓದಿದರೆ ಅರ್ಥವಿದು: ಸನ್ನಿವೇಶಪರೀಕ್ಷೆಗಳಿಂದಲೂ ದಾಖಲೆಯಿಂದಲೂ ಸಿದ್ಧವಾದ ಅಂಕವೇ ಅಂಕ, ನೆನಪಿನಿಂದ ಹಾಕಿದ್ದು ಅಂಕವಲ್ಲ. ಈ ವ್ಯಾಖ್ಯಾನಕ್ಕೆ ಹೊಸ ಕಾಯಿದೆ ಬೇಕಾಗಿಲ್ಲ; ಯಾವ ಕಾಲೇಜಾದರೂ ನಾಳೆಯಿಂದಲೇ ಹೀಗೆ ನಡೆಯಬಹುದು.

ನಿಯಮವನ್ನೇ ತಿದ್ದುವ ಕಾಲ ಬಂದಾಗ ಸರಾಸರಿಯೆಂಬ ಶಬ್ದಕ್ಕೆ ಬದಲಾಗಿ ಏನನ್ನು ಇಡಬೇಕೆಂಬುದನ್ನೂ ಸೂಚಿಸಬಹುದು. ನೆದರ್ಲೆಂಡಿನ ಓಲೆ ಟೆನ್ ಕಾಟೆ ಎಂಬ ವಿದ್ವಾಂಸರು ೨೦೦೫ರಲ್ಲಿ ಮುಂದಿಟ್ಟ ವಿಚಾರವು ಇಲ್ಲಿ ಉಪಕಾರಿ. ವಿದ್ಯಾರ್ಥಿಗೆ ಎಷ್ಟು ಅಂಕವೆಂದು ಕೇಳುವ ಬದಲು, ಇಂಥ ಒಂದು ಕಾರ್ಯವನ್ನು ಎಷ್ಟು ಮೇಲ್ವಿಚಾರಣೆಯೊಡನೆ ಇವನ ಕೈಗೆ ಒಪ್ಪಿಸಬಹುದು ಎಂದು ಕೇಳಬೇಕೆಂಬುದು ಅವರ ಮತದ ತಿರುಳು. ಬರಿದೆ ನೋಡಲಿ, ಎದುರಿನಲ್ಲಿ ನಾನಿದ್ದರೆ ಮಾಡಲಿ, ಕರೆದರೆ ಬರುವಷ್ಟು ದೂರದಲ್ಲಿ ನಾನಿದ್ದರೆ ಮಾಡಲಿ, ನಾನಿಲ್ಲದೆಯೂ ಮಾಡಲಿ, ಕಿರಿಯರಿಗೆ ಕಲಿಸಲಿ. ಈ ಮೆಟ್ಟಿಲುಗಳಲ್ಲಿ ಒಂದೊಂದಕ್ಕೂ ನಿಯತವಾದ ಅರ್ಥವಿದೆ. ೧೯೯೭ರ ವೈದ್ಯರ ಪಾಠದಿಂದ ೨೦೦೮ರಲ್ಲಿ ಬಿದ್ದುಹೋದ ತ್ರಿವಿಧ ವಿಭಾಗವೂ ಇದರೊಳಗೆ ಮರಳಿ ಬರುತ್ತದೆ. ಸುಶ್ರುತನ ರಾಜಾನುಜ್ಞೆಯ ಹಿಂದೆ ಇರುವ ಅಭಿಪ್ರಾಯವೂ ಇಂಥದೇ: ಅನುಜ್ಞೆ ಕೊಡುವವನು ಕೊಡುವುದು ಹೊಗಳಿಕೆಯನ್ನಲ್ಲ, ಪ್ರಜೆಯ ಶರೀರವನ್ನು ಮುಟ್ಟುವ ಅಧಿಕಾರವನ್ನು.

ಆದಕಾರಣ ಪ್ರಕೃತ ಪಾಠದಲ್ಲಿ ಕೂಡಿಕೆಯನ್ನು ನಿಷೇಧಿಸಿದ ಕೊನೆಯ ವಾಕ್ಯವನ್ನು ಹಾಗೆಯೇ ಉಳಿಸಿಕೊಳ್ಳತಕ್ಕದ್ದು. ಅಂಕಗಳ ಹೆಸರನ್ನು ಬಿಟ್ಟು ಒಪ್ಪಿಸುವಿಕೆಯ ಮೆಟ್ಟಿಲುಗಳನ್ನು ಇಡತಕ್ಕದ್ದು. ಮೂರನೆಯ ಅಂಶವನ್ನು ಒಡೆದು, ರೋಗಿಯೊಡನೆ ಅವನ ಭಾಷೆಯಲ್ಲಿ ಮಾತಾಡುವ ಕೌಶಲವನ್ನು ಸ್ವತಂತ್ರವಾದ ಅಂಶವನ್ನಾಗಿ ಮಾಡತಕ್ಕದ್ದು. ದಾಖಲೆಯಲ್ಲಿ ಎಣಿಕೆಯ ಬದಲು ತಪ್ಪಿಸಿದ ಹಾನಿಯ ನಿರೂಪಣೆಯನ್ನು ಕೇಳತಕ್ಕದ್ದು. ಪ್ರಮಾಣಪತ್ರಕ್ಕೆ ಸಹಿಹಾಕುವ ಗುರುವು, ತನ್ನ ಮನೆಯವರೊಬ್ಬರು ಆ ವಾರ್ಡಿನಲ್ಲಿ ಮಲಗಿದ್ದರೆ ಅವರ ಔಷಧವನ್ನು ಈ ವಿದ್ಯಾರ್ಥಿಯ ಕೈಗೆ ಬಿಟ್ಟು ಮನೆಗೆ ಹೋಗಬಲ್ಲೆನೇ ಎಂದು ತನ್ನನ್ನು ಕೇಳಿಕೊಳ್ಳಲಿ. ಹೌದೆಂಬ ಉತ್ತರ ಬರುವಷ್ಟು ಸಲ ಆ ವಿದ್ಯಾರ್ಥಿಯ ಕೆಲಸವನ್ನು ಕಣ್ಣಾರೆ ನೋಡಿದ್ದರೆ ಮಾತ್ರ ಆ ಸಹಿಗೆ ಪ್ರಾಮಾಣ್ಯವುಂಟು.